ಕೋಡಿಬಾಗದ ಗೇಟು, ಹಿಲ್ಲೂರಿನ ಚಕ್ಕೋತ

೨೯ ಆಗಸ್ಟ್ ೨೦೦೭, ಬುಧವಾರ

ಪ್ರೇಕ್ಷಾ ಮನೆಗೆ ಬಂದಳು.

ರೈಲಿನಿಂದ ಇಳಿದಾಗ ಮೂಗು ಬಾಯಿಗೆ ಮಾಸ್ಕು, ತಲೆಗೆ ಟೊಪ್ಪಿ, ಉದ್ದ ತೋಳಿನ ಅಂಗಿ. ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಐದು ತಿಂಗಳ ಹಿಂದೆ ಮುಂಬಯಿಗೆ ಹೋಗುವಾಗ ಮಾತೇ ಆಡದಿದ್ದ ಮೊಮ್ಮಗಳು ಇವತ್ತು ನನ್ನನ್ನು ನೋಡಿ ಮೊದಲು ಹೇಳಿದ್ದು, "ಆಜೊ, ನಿನ್ನ ಹೊಟ್ಟೆ ದೊಡ್ಡ ಆಗಿದೆ." ನನಗೆ ಅಳು ಬಂತು. ಹೊಟ್ಟೆ ಒಳಗೆ ಎಳೆದುಕೊಂಡು ನಿಂತೆ.

ಹತ್ತು ವರ್ಷದ ಹುಡುಗಿ. ರಕ್ತದ ಕ್ಯಾನ್ಸರ್ ಒಮ್ಮೆ ಹೋಗಿ ಮತ್ತೆ ತಿರುಗಿ ಬಂದಿತ್ತು. ಮೇ ಹದಿನೆಂಟರಂದು ಅವಳ ತಂಗಿ ರಕ್ಷಿತಾಳ ಮೂಳೆಯೊಳಗಿನ ಕಾಂಡಕೋಶ ತೆಗೆದು ಇವಳಿಗೆ ಏರಿಸಿದರು. ಹೊಸ ರಕ್ತ ಹುಟ್ಟಿಸುವ ಬೀಜ ಅದು ಎಂದು ಡಾಕ್ಟರು ಹೇಳಿದರಂತೆ. ಆಮೇಲೆ ನೂರು ದಿನ ಆಸ್ಪತ್ರೆಯ ಪಕ್ಕದಲ್ಲೇ ಕೋಣೆ ಹಿಡಿದು ಕೂತರು. ಈಗ ಮನೆ. ಆದರೆ ಅಪಾಯ ಮುಗಿದಿಲ್ಲ, ಇನ್ನು ಮುಂದಿನ ಕಾವಲು ನಿಮ್ಮದು ಎಂದು ಹೇಳಿ, ಮೂರು ಹಾಳೆಯ ನಿಯಮದ ಪಟ್ಟಿ ಕೊಟ್ಟು ಕಳಿಸಿದ್ದಾರೆ.

ಕಾವಲು! ಮೂವತ್ತೊಂದು ವರ್ಷ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿ ಗಾರ್ಡ್ ಆಗಿದ್ದವನು ನಾನು. ಗೋವಾದ ಬಾಟಲಿಗಳನ್ನು ತೆಂಗಿನಕಾಯಿ ಲೋಡಿನ ಅಡಿಯಿಂದ ತೆಗೆದಿದ್ದೇನೆ, ಮದುಮಗಳ ಟ್ರಂಕಿನಿಂದ ತೆಗೆದಿದ್ದೇನೆ. ಶಾಂತಾರಾಮನ ಕಣ್ಣು ತಪ್ಪಿಸಿ ಒಂದು ಸೀಸೆ ದಾಟುವುದಿಲ್ಲ ಎಂದು ಇಲಾಖೆಯಲ್ಲೇ ಮಾತಿತ್ತು. ನನ್ನ ಮುಂದೆ ಕ್ರಿಮಿಗಳು ಯಾವ ದೊಡ್ಡ ಮನುಷ್ಯರು?

ನಿವೃತ್ತಿಯ ದಿನ ಆಫೀಸಿನವರು ಕೊಟ್ಟ ಖಾಲಿ ರಿಜಿಸ್ಟರು ಟ್ರಂಕಿನಲ್ಲಿತ್ತು. ಇವತ್ತಿನಿಂದ ಅದರ ಎಡಪುಟದಲ್ಲಿ ಪ್ರೇಕ್ಷಾಳ ಜ್ವರ, ಔಷಧಿ, ಊಟ. ಬಲಪುಟ ನನ್ನದು. ಅದನ್ನು ಯಾರೂ ಓದುವಂತಿಲ್ಲ.

೩೧ ಆಗಸ್ಟ್, ಶುಕ್ರವಾರ

ನಮ್ಮ ಕೋಡಿಬಾಗದ ಮನೆಯ ಬಾಗಿಲಿಗೆ ಗೇಟು ಹಾಕಿದೆ. ಒಂದು ಬಿದಿರು, ಒಂದು ತುದಿಗೆ ಕಲ್ಲು, ಇನ್ನೊಂದಕ್ಕೆ ಹಗ್ಗ. ಹಗ್ಗ ಬಿಟ್ಟರೆ ಬಿದಿರು ಮೇಲೆ, ಎಳೆದು ಕಟ್ಟಿದರೆ ಕೆಳಗೆ. ಪಕ್ಕದಲ್ಲಿ ಬಕೆಟ್ಟು, ಸಾಬೂನು, ಮಾಸ್ಕಿನ ಡಬ್ಬಿ, ನನ್ನ ಕುರ್ಚಿ.

"ಹೋಯ್, ಕೇಳ್ತಾ?" ಅಂದಳು ನನ್ನ ಹೆಂಡತಿ ಹೀರಾ. "ಒಂದು ಸೀಟಿ ಬಾಕಿ ಉಂಟು ನೋಡಿ."

ಸೀಟಿ ಇದೆ. ಹುಡುಕಬೇಕು.

ಮೊದಲ ವಾಹನ ಪಕ್ಕದ ಮನೆಯ ಗೋದಾವರಿ. ಒಂದು ಕೈಯಲ್ಲಿ ಬಂಗಡೆ ಸಾರಿನ ಪಾತ್ರೆ, ಇನ್ನೊಂದರಲ್ಲಿ ಅಬ್ಬಲಿಗೆ ದಂಡೆ. ಪಟ್ಟಿ ಓದಿ ಹೇಳಿದೆ: ಹೊರಗಿನ ಅಡುಗೆ ಇಲ್ಲ, ಹಸಿ ಹೂವು ಇಲ್ಲ, ಹೂವಿನಲ್ಲಿ ಬೂಷ್ಟು ಇರುತ್ತದೆ, ಅದು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ.

"ನನ್ನ ಅಬ್ಬಲಿಗೆಗೆ ಬೂಷ್ಟಾ?" ಅಂದು ಗೋದಾವರಿ ಮುಖ ತಿರುಗಿಸಿ ಹೋದಳು. ದಂಡೆ ತಡೆಹಿಡಿಯಲಾಗಿದೆ. ಸಾರನ್ನೂ ತಡೆಹಿಡಿದು, ಮಧ್ಯಾಹ್ನ ನಾನೇ ಉಂಡೆ. ಚೆನ್ನಾಗಿತ್ತು.

೪ ಸೆಪ್ಟೆಂಬರ್, ಮಂಗಳವಾರ

ಹಬ್ಬುವಾಡದ ಮಕ್ಕಳ ಡಾಕ್ಟರು ಮಂದಾಕಿನಿ ಮನೆಗೇ ಬಂದು ನೋಡಿ ಹೋದರು. ಮುಂಬಯಿಯವರ ಜತೆ ಫೋನಿನಲ್ಲಿ ಮಾತಾಡಿ ನೋಡಿಕೊಳ್ಳುವವರು ಇವರೇ. ನನಗೆ ಅರ್ಥವಾಗುವಂತೆ ಹೇಳಿದರು.

ರಕ್ಷಿತಾಳ ಕಣಗಳು ಪ್ರೇಕ್ಷಾಳ ಮೈಯಲ್ಲಿ ಹೊಸದಾಗಿ ಒಕ್ಕಲು ಬಂದಿವೆ. ಅವಕ್ಕೆ ಆ ಮನೆಯವರ ಗುರುತಿಲ್ಲ. ಮನೆಯವರನ್ನೇ ಕಳ್ಳರೆಂದು ತಿಳಿದು ಚರ್ಮ, ಹೊಟ್ಟೆ, ಲಿವರಿನ ಮೇಲೆ ಬೀಳಬಹುದು. ಹಾಗಾಗದಂತೆ ಅವನ್ನು ಮೆತ್ತಗೆ ಇಡಲು ಸೈಕ್ಲೋಸ್ಪೋರಿನ್ ಎಂಬ ಗುಳಿಗೆ, ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಹೊಸಬರು ಜಗಳಕ್ಕೆ ನಿಲ್ಲುತ್ತಾರೆ, ಹೆಚ್ಚಾದರೆ ಕಿಡ್ನಿ ಹಾಳಾಗುತ್ತದೆ. ಈ ಸಮತೋಲ ತಪ್ಪಿದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಕೆಲವು ತಿಂಗಳಾದ ಮೇಲೆ ಕಣಗಳು ಮನೆಗೆ ಹೊಂದಿಕೊಳ್ಳುತ್ತವೆ, ಆಗ ಗುಳಿಗೆ ನಿಲ್ಲಿಸಬಹುದು.

"ದಿನಾ ಅಂಗೈ, ಅಂಗಾಲು ನೋಡಿ. ಕೆಂಪು ಗುಳ್ಳೆ ಕಂಡ್ರೆ ಕೂಡ್ಲೆ ಫೋನ್ ಮಾಡಿ" ಎಂದರು.

ದಿನವೂ ಬೆಳಿಗ್ಗೆ ಈಗ ತಪಾಸಣೆ. ಪ್ರೇಕ್ಷಾ ಕುರ್ಚಿಯಲ್ಲಿ ಕೂತು ಎರಡು ಕೈ ಚಾಚುತ್ತಾಳೆ. ನಾನು ಕನ್ನಡಕ ಹಾಕಿ ನೋಡುತ್ತೇನೆ. ಅಂಗಾಲು ನೋಡುವಾಗ ಕಚಗುಳಿಯಾಗಿ ನನ್ನ ಮೂಗಿಗೇ ಒದೆಯುತ್ತಾಳೆ. ಇವತ್ತು ಎರಡು ಸಲ ಒದ್ದಳು. ಬಲ ಬರುತ್ತಿದೆ.

೬ ಸೆಪ್ಟೆಂಬರ್, ಗುರುವಾರ

ಅಕ್ಕ ತಂಗಿ ಜಗಳ. ಬಣ್ಣದ ಪೆನ್ಸಿಲ್ಲಿಗೆ ಶುರುವಾಗಿ ಎಲ್ಲಿಗೋ ಹೋಯಿತು.

"ನಂದು ರಕ್ತ! ವಾಪಸ್ ಕೊಡು!" ಅಂತ ಆರು ವರ್ಷದ ರಕ್ಷಿತಾ ಕೂಗಿದಳು.

"ತಗೋ, ನಿನ್ನ ರಕ್ತದಿಂದ ನಂಗೆ ಮೀಸೆ ಬಂತು!" ಅಂದಳು ಪ್ರೇಕ್ಷಾ. ಮೀಸೆ ಬಂದದ್ದು ಗುಳಿಗೆಯಿಂದ, ಅದರ ಅಡ್ಡ ಪರಿಣಾಮ. ತುಟಿಯ ಮೇಲೆ ಸಣ್ಣ ಕಪ್ಪು. ಆಜೊನ ಮೀಸೆಗಿಂತ ಚೆನ್ನಾಗಿದೆ ಎಂದು ಹೀರಾ ಸಮಾಧಾನ ಮಾಡಿದಳು.

ಒಂದು ವಿಷಯ ಮಾತ್ರ ನನಗೆ ಇನ್ನೂ ನುಂಗಲು ಆಗಿಲ್ಲ. ಪ್ರೇಕ್ಷಾಳದು ನನ್ನ ಹಾಗೆ, ಅವಳ ಅಪ್ಪ ಸತೀಶನ ಹಾಗೆ ಬಿ ಗುಂಪಿನ ರಕ್ತವಿತ್ತು. ಈಗ ಅದು ಬದಲಾಗಿ ರಕ್ಷಿತಾಳ ಓ ಆಗಿದೆ. ಓ ಅಂದರೆ ನನ್ನ ಸೊಸೆ ಭವ್ಯಾಳದು, ಅಂದರೆ ಹಿಲ್ಲೂರಿನವರದು. ಸತೀಶ ಅಂಕೋಲೆಯಲ್ಲಿ ಕೆಲಸಕ್ಕಿದ್ದಾಗ ಹಿಲ್ಲೂರಿನ ಹುಡುಗಿಯನ್ನು ಮೆಚ್ಚಿಕೊಂಡ. ಜಾತಿ ಬೇರೆ, ಬೆಟ್ಟದ ಬದಿಯ ಗದ್ದೆ ಕೆಲಸದ ಜನ. ಮದುವೆಗೆ ಹೋದೆ, ಊಟ ಮಾಡಲಿಲ್ಲ. ಹನ್ನೊಂದು ವರ್ಷವಾಯಿತು, ಆ ಮನೆಯ ಮೆಟ್ಟಿಲು ಹತ್ತಿಲ್ಲ. ಭವ್ಯಾ ಒಳ್ಳೆಯವಳು, ಅದು ಬೇರೆ ಮಾತು.

ರಕ್ತ ರಕ್ತವೇ. ಬದುಕಿಸಿದರೆ ಸಾಕು.

೯ ಸೆಪ್ಟೆಂಬರ್, ಭಾನುವಾರ

ಚೌತಿ ಬೇಡ ಎಂದೆ. ಜನ ಬರುತ್ತಾರೆ, ಹೂವು ಬರುತ್ತದೆ, ಧೂಪದ ಹೊಗೆ ಬರುತ್ತದೆ. ಹೀರಾ ಬೆಳಿಗ್ಗೆಯಿಂದ ನನ್ನ ಜತೆ ಮಾತಾಡಲಿಲ್ಲ. ಮಧ್ಯಾಹ್ನ ಸಾರಿಗೆ ಉಪ್ಪು ಇರಲಿಲ್ಲ. ಸಂಜೆ ಚಹಾಕ್ಕೆ ಸಕ್ಕರೆ ಇರಲಿಲ್ಲ.

ಕೊನೆಗೆ ಒಪ್ಪಂದ ಆಯಿತು. ಗಣಪತಿ ಹೊರಗಿನ ಜಗಲಿಯಲ್ಲಿ. ಪ್ರೇಕ್ಷಾ ಒಳಗೆ ಕಿಟಕಿಯ ಗಾಜಿನ ಹಿಂದೆ. ಹೂವೆಲ್ಲ ಬಣ್ಣದ ಕಾಗದದ್ದು, ಮಕ್ಕಳೇ ಮಾಡಬೇಕು. ಫಲಾವಳಿ ಮಾತ್ರ ಇರಲೇಬೇಕು ಎಂದು ಹೀರಾ ಹಟ ಹಿಡಿದಳು. ಗಣಪತಿಯ ತಲೆಯ ಮೇಲೆ ಮರದ ಚೌಕಟ್ಟು ಕಟ್ಟಿ, ಆ ಕಾಲದಲ್ಲಿ ಬೆಳೆದ ಹಣ್ಣು, ಕಾಯಿ, ಅಡಿಕೆಗೊನೆ ಎಲ್ಲ ತೂಗುಹಾಕದೆ ಈ ಕಡೆಯ ಯಾವ ಮನೆಯಲ್ಲೂ ಚೌತಿ ಆಗುವುದಿಲ್ಲ. ನನಗೂ ಫಲಾವಳಿ ಇಲ್ಲದ ಗಣಪತಿ ಬೋಳು ತಲೆಯ ಹಾಗೆ ಕಾಣುತ್ತದೆ. ಒಪ್ಪಿದೆ. ರಾತ್ರಿ ಸಾರಿಗೆ ಉಪ್ಪು ಬಂತು.

೧೩ ಸೆಪ್ಟೆಂಬರ್, ಗುರುವಾರ

ಹಿಲ್ಲೂರಿನ ಬೀಗಿತ್ತಿ ಫಲಾವಳಿಗೆ ಸಾಮಾನು ತಂದಳು. ಭವ್ಯಾಳ ತಾಯಿ. ಎರಡು ಬಸ್ಸು ಬದಲಿಸಿ, ತಲೆಯ ಮೇಲೆ ಒಂದು ಚೀಲ, ಕೈಯಲ್ಲಿ ಒಂದು. ಗೇಟಿನ ಹೊರಗೆ ನಿಂತು ತಾನೇ ಚೀಲ ಬಿಚ್ಚಿದಳು.

"ನೋಡ್ಕಳಿ ಒಡೆಯ್ರೆ. ನಿಮ್ಮ ಕಾಯ್ದೆ ಭವ್ಯಾ ಹೇಳಿದ್ಲು."

ಮೊದಲಿಂದಲೂ ನನ್ನನ್ನು ಒಡೆಯರೆ ಎಂದೇ ಕರೆಯುವುದು. ನಾನು ಬೇಡ ಅಂದಿಲ್ಲ.

ಜೇನು, ಒಂದು ಸೀಸೆ: ಕಾಯಿಸದ ಜೇನು ನಿಷಿದ್ಧ. ತಡೆಹಿಡಿಯಲಾಗಿದೆ. ಯಾವುದೋ ಬೇರಿನ ಕಟ್ಟು: ತಡೆಹಿಡಿಯಲಾಗಿದೆ.

"ಅದು ಕುಡ್ಸುಕೆ ಅಲ್ಲ, ಮೀಯು ನೀರಿಗೆ ಹಾಕುಕೆ" ಅಂದಳು.

"ಮೀಯುಕೂ ಇಲ್ಲ" ಅಂದೆ.

ಕಟ್ಟನ್ನು ಸೆರಗಿಗೆ ಹಾಕಿಕೊಂಡಳು. ಮೊಗೆಕಾಯಿ, ತೆಂಗಿನಕಾಯಿ, ಅಡಿಕೆಗೊನೆ: ಬಿಡಲಾಗಿದೆ. ಕೊನೆಯಲ್ಲಿ ದೊಡ್ಡ ದೊಡ್ಡ ಚಕ್ಕೋತ, ಹದಿನಾಲ್ಕು. ಪಟ್ಟಿ ತೆಗೆದು ನೋಡಿದೆ. ದಪ್ಪ ಸಿಪ್ಪೆಯ ಹಣ್ಣನ್ನು ತೊಳೆದು ಮನೆಯಲ್ಲೇ ಸುಲಿದು ಕೊಡಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ಚಕ್ಕೋತಕ್ಕಿಂತ ದಪ್ಪ ಸಿಪ್ಪೆ ಯಾವುದಕ್ಕಿದೆ? ಒಳಗಿನ ತೊಳೆ ಮುಟ್ಟಬೇಕಾದರೆ ಕ್ರಿಮಿಗೆ ಒಂದು ವಾರ ಬೇಕು.

"ಬಾವಿ ಬದಿ ಮರದ್ದು. ಭವ್ಯಾ ಹುಟ್ದ ವರ್ಷ ನೆಟ್ಟದ್ದು" ಅಂದಳು.

ಚಕ್ಕೋತ: ಬಿಡಲಾಗಿದೆ.

ಮಗುವನ್ನು ಕಿಟಕಿಯಿಂದ ನೋಡಿ, ಕೈ ಬೀಸಿ, ಮಧ್ಯಾಹ್ನದ ಬಸ್ಸಿಗೇ ತಿರುಗಿ ಹೋದಳು. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಬಸ್ಸಿನ ಧೂಳು ಮೈಮೇಲಿತ್ತಲ್ಲ.

೧೫ ಸೆಪ್ಟೆಂಬರ್, ಶನಿವಾರ. ಚೌತಿ

ಕಾಗದದ ಹೂವಿನ ಗಣಪತಿ! ಜಗತ್ತಿನಲ್ಲಿ ಇದೊಂದೇ ಇರಬೇಕು. ನಡುವೆ ಹಳದಿ ಚಕ್ಕೋತಗಳು ತೂಗುತ್ತಿದ್ದವು. ಒಂದಕ್ಕೆ ರಕ್ಷಿತಾ ಕಣ್ಣು ಮೂಗು ಬರೆದು ಇದು ಆಜೊ ಅಂದಳು. ಪ್ರೇಕ್ಷಾ ಗಾಜಿನ ಹಿಂದಿನಿಂದ ಆರತಿಗೆ ತಾಳ ಹೊಡೆದಳು. ಗೋದಾವರಿ ಮುನಿಸು ಬಿಟ್ಟು ಗೇಟಿನ ಹೊರಗೇ ನಿಂತು ಕೈ ಮುಗಿದಳು. ನಾನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಹೊಗೆಯಿಂದ ಎಂದು ಹೇಳೋಣವೆಂದರೆ ಧೂಪ ಹಚ್ಚಲು ನಾನೇ ಬಿಟ್ಟಿರಲಿಲ್ಲ.

೨೧ ಸೆಪ್ಟೆಂಬರ್, ಶುಕ್ರವಾರ

ಗಣಪತಿಯನ್ನು ಕಾಳಿ ನದಿಗೆ ಬಿಟ್ಟ ಮೇಲೆ ಫಲಾವಳಿಯ ಹಣ್ಣು ಪ್ರಸಾದ. ಪ್ರೇಕ್ಷಾಳಿಗೆ ಗುಳಿಗೆಯಿಂದಾಗಿ ಬಾಯಿ ಯಾವಾಗಲೂ ಕಹಿ. ಅನ್ನ ಸೇರದು, ಕುದಿಸಿದ ನೀರು ಸೇರದು. ಮೊನ್ನೆ ಒಂದು ಚಕ್ಕೋತ ಸಾಬೂನಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಅದ್ದಿ, ಹೊಸ ಚಾಕುವಿನಿಂದ ಸುಲಿದು ನಾಲ್ಕು ತೊಳೆ ಕೊಟ್ಟೆ.

"ಆಜೊ, ಬಾಯಿಗೆ ರುಚಿ ಬಂತು!" ಅಂದಳು.

ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ನಮ್ಮಿಬ್ಬರ ಚಕ್ಕೋತ. ಬಿಳಿ ಪೊರೆ ಒಂದು ಎಳೆ ಉಳಿಯದಂತೆ ಬಿಡಿಸುತ್ತೇನೆ. ಬೇರೆ ಯಾರಿಗೂ ಆ ಕೆಲಸ ಕೊಡುವುದಿಲ್ಲ. ಹಣ್ಣು ತಿಂದ ಮೇಲೆ ಅನ್ನವೂ ಎರಡು ತುತ್ತು ಹೆಚ್ಚು ಹೋಗುತ್ತದೆ. ಎಡಪುಟದಲ್ಲಿ ಬರೆದೆ: ಚಕ್ಕೋತ, ಆರು ತೊಳೆ.

೨೮ ಸೆಪ್ಟೆಂಬರ್, ಶುಕ್ರವಾರ

ತೂಕ ಮುಕ್ಕಾಲು ಕಿಲೋ ಹೆಚ್ಚಾಗಿದೆ. ಜ್ವರವಿಲ್ಲ, ಗುಳ್ಳೆಯಿಲ್ಲ. ಚಕ್ಕೋತ, ಎಂಟು ತೊಳೆ. ಸತೀಶ ಆಫೀಸಿನಿಂದ ಬಂದವನು, "ಅಪ್ಪಾ, ನಿಮಗೆ ಮುಂಬಯಿಯವರು ಸರ್ಟಿಫಿಕೇಟ್ ಕೊಡ್ಬೇಕು" ಎಂದ. ಕೊಟ್ಟರೆ ಬೇಡ ಎನ್ನುವುದಿಲ್ಲ.

೩ ಅಕ್ಟೋಬರ್, ಬುಧವಾರ

ಬೆಳಿಗ್ಗೆ ಕೈ ಚಾಚಿದಳು. ಅಂಗೈ ಸ್ವಚ್ಛ. ಆದರೆ ಬೆರಳು ಸಣ್ಣಗೆ ನಡುಗುತ್ತಿತ್ತು. ಆಟ ಮಾಡುತ್ತಿದ್ದಾಳೆ ಎಂದುಕೊಂಡೆ.

"ಸುಮ್ನೆ ಹಿಡಿ."

"ಸುಮ್ನೇ ಹಿಡ್ದಿದೆ ಆಜೊ. ಅದೇ ನಡುಗ್ತದೆ."

ಬರೆಸಿ ನೋಡಿದೆ. ಹೆಸರಿನ ಅಕ್ಷರ ಎಲ್ಲ ಓರೆಕೋರೆ. ಆಟೋ ಮಾಡಿಕೊಂಡು ಹಬ್ಬುವಾಡಕ್ಕೆ ಹೋದೆವು. ಮಂದಾಕಿನಿ ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ತೆಗೆದು ಗೋವಾಕ್ಕೆ ಕಳಿಸಿದರು. ನನಗೆ ಹೆದರಿಕೆಯಾಗುತ್ತಿದೆ. ಇಷ್ಟು ಕಾವಲಿದ್ದೂ ಏನು ಒಳಗೆ ನುಗ್ಗಿತು?

೫ ಅಕ್ಟೋಬರ್, ಶುಕ್ರವಾರ

ರಕ್ತದಲ್ಲಿ ಗುಳಿಗೆಯ ಪ್ರಮಾಣ ಇನ್ನೂರರೊಳಗೆ ಇರಬೇಕಾದ್ದು ನಾನೂರ ಹತ್ತು. ಕಿಡ್ನಿಯ ಮೇಲೆ ಆಗಲೇ ಭಾರ ಬಿದ್ದಿದೆ. "ಗುಳಿಗೆ ಹೆಚ್ಚು ಕೊಟ್ರಾ?" ಎಂದು ಡಾಕ್ಟರು ಕೇಳಿದರು. ಎಣಿಸಿ ತೋರಿಸಿದೆ, ಒಂದೂ ತಪ್ಪಿಲ್ಲ. "ಹಾಗಾದ್ರೆ ನಾಟಿ ಔಷಧಿ ಎಂತಾದ್ರೂ?"

ನನಗೆ ಪಕ್ಕನೆ ಆ ಬೇರಿನ ಕಟ್ಟು ನೆನಪಾಯಿತು. ಸೆರಗಿಗೆ ಹಾಕಿಕೊಂಡದ್ದು ಭವ್ಯಾಳ ಕೈ ಸೇರಿರಬೇಕು! ಮನೆಗೆ ಬಂದವನೇ ಹಿಲ್ಲೂರಿನ ಅಂಗಡಿಗೆ ಫೋನ್ ಮಾಡಿ ಬೀಗಿತ್ತಿಯನ್ನು ಕರೆಸಿದೆ. ಏನೇನು ಹೇಳಿದೆನೋ. ನಿಮ್ಮ ಬೇರು ನಾರು ನಿಮ್ಮಲ್ಲೇ ಇಟ್ಟುಕೊಳ್ಳಿ, ಮಗುವಿನ ಜೀವದ ಜತೆ ಆಟವಾಡಬೇಡಿ ಎಂದದ್ದು ನೆನಪಿದೆ.

"ಒಡೆಯ್ರೆ, ನಾ ಎಂತದೂ ಕೊಡ್ಲಿಲ್ಲ. ಆ ಬೇರು ನಮ್ಮ ಜಂತಿಗೇ ಕಟ್ಟಿದೆ" ಅಂದಳು. ಆಮೇಲೆ, "ಮಗು ಹ್ಯಾಂಗದೆ?" ಎಂದು ಕೇಳಿದಳು. ನಾನು ಫೋನ್ ಇಟ್ಟೆ.

ತಿರುಗಿ ನೋಡಿದರೆ ಭವ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಾಗೇ ತಿರುಗಿ ಒಳಗೆ ಹೋದಳು.

೬ ಅಕ್ಟೋಬರ್, ಶನಿವಾರ

ಮಂದಾಕಿನಿ ಡಾಕ್ಟರು ಮುಂಬಯಿಗೆ ಫೋನ್ ಹಚ್ಚಿ ನನ್ನ ಕೈಗೂ ಕೊಟ್ಟರು. ಎರಡು ವಾರದಲ್ಲಿ ಮಗು ತಿಂದದ್ದೆಲ್ಲ ಹೇಳಿ ಎಂದರು ಅಲ್ಲಿಯ ಡಾಕ್ಟರು. ನಾನು ಜಂಬದಿಂದ ರಿಜಿಸ್ಟರು ತೆರೆದು ಎಡಪುಟ ಓದತೊಡಗಿದೆ. ಮೆತ್ತಗಿನ ಅನ್ನ. ಬೇಯಿಸಿದ ಮೀನು. ಚಕ್ಕೋತ ಆರು ತೊಳೆ. ಇಡ್ಲಿ. ಚಕ್ಕೋತ ಎಂಟು ತೊಳೆ. ಚಕ್ಕೋತ ಎಂಟು ತೊಳೆ. ಚಕ್ಕೋತ...

"ಚಕ್ಕೋತ ಅಂದರೆ?" ಮರಾಠಿಯಲ್ಲಿ ಪಪನಸ್ ಎಂದೆ.

ದಿನಾ ಕೊಟ್ಟಿರಾ ಎಂದು ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು. ಮೈ ಈ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹೊರಹಾಕುತ್ತಿರುತ್ತದೆ. ಚಕ್ಕೋತದ ರಸ ಆ ಕೆಲಸವನ್ನು ತಡೆಯುತ್ತದೆ. ಹಾಗಾಗಿ ಗುಳಿಗೆ ರಕ್ತದಲ್ಲೇ ಉಳಿದು ದಿನದಿಂದ ದಿನಕ್ಕೆ ಏರಿದೆ. ನಮ್ಮ ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ, ಇಷ್ಟೊಂದು ಚಕ್ಕೋತ ತಿನ್ನುವವರು ನಮಗೆ ಸಿಕ್ಕಿರಲಿಲ್ಲ, ಇನ್ನು ಬರೆಯುತ್ತೇವೆ ಎಂದರು. ಎರಡು ಹೊತ್ತು ಗುಳಿಗೆ ಬಿಟ್ಟು ಮತ್ತೆ ರಕ್ತ ನೋಡಬೇಕು. ಕಿಡ್ನಿ ಸುಧಾರಿಸಬೇಕು, ಸುಧಾರಿಸುತ್ತದೆ ಎಂದು ಆಶಿಸೋಣ ಎಂದರು.

ನಾನೇ ತೊಳೆದೆ. ನಾನೇ ಸುಲಿದೆ. ನಾನೇ ಬರೆದೆ. ಬಿಡಲಾಗಿದೆ ಎಂದು ನನ್ನದೇ ಅಕ್ಷರ.

೭ ಅಕ್ಟೋಬರ್, ಭಾನುವಾರ

ಬರೆಯಲು ಮನಸ್ಸಿಲ್ಲ. ಗುಳಿಗೆ ಬಿಟ್ಟ ಹೊತ್ತಿನಲ್ಲಿ ಆ ಕಣಗಳು ಎದ್ದರೆ? ಇವತ್ತು ಅಂಗೈಯನ್ನು ಹನ್ನೊಂದು ಸಲ ನೋಡಿದೆ.

ಪ್ರೇಕ್ಷಾ ನನ್ನ ಗಲ್ಲ ಹಿಡಿದು, "ಆಜೊ, ಅಳ್ಬೇಡ. ಹಣ್ಣು ಚೊಲೋ ಇತ್ತು" ಅಂದಳು.

೧೧ ಅಕ್ಟೋಬರ್, ಗುರುವಾರ

ನೂರ ಎಂಬತ್ತು! ಕಿಡ್ನಿಯ ಅಂಕಿಯೂ ಇಳಿದಿದೆ! ಬೆರಳು ನೆಟ್ಟಗೆ ನಿಂತಿವೆ. ಬಂಗಡೆ ತಂದೆ, ಪಟ್ಟಿಯ ಪ್ರಕಾರ ಚೆನ್ನಾಗಿ ಬೇಯಿಸಿ ಎಲ್ಲರೂ ಉಂಡೆವು. ಉಳಿದ ಒಂದು ಚಕ್ಕೋತವನ್ನು ರಕ್ಷಿತಾ ಫುಟ್‌ಬಾಲ್ ಮಾಡಿದಳು. ನಾನೂ ಒಂದು ಸಲ ಒದ್ದೆ. ಕಾಲು ಉಳುಕಿತು.

ಭವ್ಯಾ ಕಾಲಿಗೆ ಎಣ್ಣೆ ತಿಕ್ಕಿ ಕೊಟ್ಟಳು. ಬೇಕಾದಷ್ಟೇ ಮಾತು. "ಮಾವ, ಈ ಕಾಲಾ? ಆ ಕಾಲಾ?" ಅಷ್ಟೇ. ಆರು ದಿನದಿಂದ ಹೀಗೇ. ಬೈದರೂ ಪರವಾಗಿಲ್ಲ ಅನಿಸಿತು.

"ಎಣ್ಣೆ ಹಚ್ಚಿ ಆಯ್ತಲ್ಲ, ಇನ್ನು ಹಿಲ್ಲೂರಿಗೆ ಹೋಗಿ ಬನ್ನಿ" ಅಂದಳು ಹೀರಾ.

೧೪ ಅಕ್ಟೋಬರ್, ಭಾನುವಾರ

ಹಿಲ್ಲೂರಿಗೆ ಹೋದೆ. ಅಂಕೋಲೆಯವರೆಗೆ ಒಂದು ಮಾತು ಹೊಂದಿಸಿಕೊಂಡೆ, ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಅದನ್ನು ಮೂರು ಸಲ ಬದಲಿಸಿದೆ. ಕುಂಟುತ್ತ ಅಂಗಳಕ್ಕೆ ಹೋಗುವಾಗ ಎಲ್ಲ ಮರೆತುಹೋಯಿತು. ಸಗಣಿ ಸಾರಿಸಿದ ಅಂಗಳ, ಒಂದು ಕಸಕಡ್ಡಿಯಿಲ್ಲ. ಜಂತಿಯಲ್ಲಿ ಆ ಬೇರಿನ ಕಟ್ಟು, ಹಾಗೇ, ಬಿಚ್ಚದೆ.

"ಹೊನ್ನಮ್ಮ, ತಪ್ಪು ನಂದು. ನಿಮ್ಮ ಮೇಲೆ ಹಾಕಿದೆ" ಅಂದೆ. ಅಷ್ಟೇ ಬಂತು ಬಾಯಿಗೆ.

ಹೊನ್ನಮ್ಮ ಮೊರದಲ್ಲಿದ್ದ ಅಕ್ಕಿ ಬದಿಗಿಟ್ಟರು. "ಚಕ್ಕೋತ ಕೊಟ್ಟವ್ಳು ನಾ ಅಲ್ರಾ? ತಪ್ಪಲ್ಲಿ ನಂಗೂ ಒಂದು ತೊಳೆ ಇರ್ಲಿ" ಅಂದರು. ನಾನು ನಗಬೇಕೋ ಬೇಡವೋ ಗೊತ್ತಾಗದೆ ನಿಂತೆ. "ನಾ ಜೀವ ಇಟ್ಟು ಕೊಯ್ದೆ, ನೀವು ಜೀವ ಇಟ್ಟು ಸುಲ್ದ್ರಿ. ಹಣ್ಣಿಗೆಂತ ಗೊತ್ತು? ಕೂತ್ಕಳಿ. ಕಾಲಿಗೆ ಎಂತಾ ಆತು?"

"ಚಕ್ಕೋತ ಒದ್ದೆ."

ಆಗ ನಕ್ಕರು ನೋಡಿ! ಒಳಗಿದ್ದ ಗಂಡ ಸುಕ್ರ ಎಂತಾ ಆತು ಎಂದು ಓಡಿ ಬಂದ. ಅವನಿಗೂ ಹೇಳಿದರು. ಅವನೂ ನಕ್ಕ. ಹನ್ನೊಂದು ವರ್ಷದ ಮೇಲೆ ಬೀಗರ ಮನೆಗೆ ಹೋಗಿ ನಾನು ಮಾಡಿದ್ದು ಇಷ್ಟು.

ಬಾವಿ ಬದಿಯ ಮರ ತೋರಿಸಿದರು. ಸುದ್ದಿ ಕೇಳಿದ ದಿನವೇ ಹಣ್ಣೆಲ್ಲ ಕೊಯ್ದು ಶಾಲೆಯ ಮಕ್ಕಳಿಗೆ ಹಂಚಿದ್ದಾರೆ, ಕೋಡಿಬಾಗದ ಕಡೆ ಒಂದೂ ಬರಬಾರದೆಂದು. ತುದಿಕೊಂಬೆಯಲ್ಲಿ ಒಂದು ಮಾತ್ರ ಇದೆ, ಬಾವಲಿ ಮುಟ್ಟದಂತೆ ಹಳೆ ಸೀರೆಯ ತುಂಡು ಕಟ್ಟಿದೆ. "ಮಗು ಗುಳಿಗೆ ನಿಲ್ಲು ದಿವ್ಸ ಕೊಯ್ವಾ. ಅಲ್ಲಿವರೆಗೆ ಕಾವ್ಲು ನಂದು" ಅಂದರು.

ಗಂಜಿ, ಒಣಗಿಸಿದ ಶೆಟ್ಲಿ ಸಿಗಡಿಯ ಚಟ್ನಿ ಬಡಿಸಿದರು. ಮೂರು ಸಲ ಹಾಕಿಸಿಕೊಂಡೆ. ಮನೆಗೆ ಬಂದು ಹೇಳಿದಾಗ ಭವ್ಯಾ, "ಮೂರು ಸಲಾನಾ ಮಾವ?" ಅಂತ ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಚಹಾ ತಾನೇ ತಂದಳು, ಸಕ್ಕರೆ ಎರಡು ಚಮಚ.

೯ ನವೆಂಬರ್, ಶುಕ್ರವಾರ. ದೀಪಾವಳಿ

ಗುಳಿಗೆ ಈ ವಾರದಿಂದ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ. ಈಗಲೇ ಹೆಚ್ಚು ಎಚ್ಚರ ಬೇಕಂತೆ. ಬೆಳಿಗ್ಗೆ ಅಂಗೈ ನೋಡಿದರೆ ಕೆಂಪು! ಎರಡೂ ಕೈ ಕೆಂಪು! ಚಪ್ಪಲಿ ಹಾಕದೆ ಆಟೋ ತರಲು ಓಡುತ್ತಿದ್ದೆ. ಹೊನ್ನಮ್ಮ ಮಗುವಿನ ಕೈ ಹಿಡಿದು ಮೂಸಿ, ಸಾಬೂನು ಹಚ್ಚಿ ತೊಳೆದರು. ಕೆಂಪು ಬಕೆಟ್ಟಿಗೆ ಇಳಿಯಿತು. ಗೂಡುದೀಪಕ್ಕೆ ಅಂಟಿಸಿದ ಕಾಗದದ ಬಣ್ಣ.

ಹೊನ್ನಮ್ಮ ಬಂದು ನಾಲ್ಕು ದಿನವಾಯಿತು. ಹೀರಾಳ ಮಂಡಿ ನೋವು, ಅಡುಗೆಗೆ ಕೈ ಬೇಕಿತ್ತು. ನೀರನ್ನು ನನಗಿಂತ ಹೆಚ್ಚು ಹೊತ್ತು ಕುದಿಸುತ್ತಾರೆ. ನಿನ್ನೆ ಕೈ ತೊಳೆಯದೆ ಒಳಗೆ ಬಂದೆ ಎಂದು ನನ್ನನ್ನೇ ಹೊರಗೆ ನಿಲ್ಲಿಸಿದರು.

ಗೇಟಿನ ಬಿದಿರನ್ನು ಹೀರಾ ಬಟ್ಟೆ ಒಣಗಿಸಲು ತೆಗೆದುಕೊಂಡಿದ್ದಾಳೆ. ಯಾವ ದಿನ ತೆಗೆದಳೋ ನನಗೆ ಗೊತ್ತೇ ಆಗಲಿಲ್ಲ.

೨೦ ಡಿಸೆಂಬರ್, ಗುರುವಾರ

ಬೆಳಿಗ್ಗೆ ಎಂಟಕ್ಕೆ ಕೊನೆಯ ಗುಳಿಗೆ. ಸಂಜೆ ಎಂಟಕ್ಕೆ ಎಲ್ಲರೂ ಗಡಿಯಾರ ನೋಡುತ್ತ ಸುಮ್ಮನೆ ಕೂತೆವು. ಎಂಟೂ ಐದಾಯಿತು. ಪ್ರೇಕ್ಷಾ, "ಇನ್ನೆಂತ ಮಾಡುದು?" ಎಂದು ಕೇಳಿದಳು. ಊಟ ಮಾಡಿದೆವು.

೩೦ ಡಿಸೆಂಬರ್, ಭಾನುವಾರ

ಹತ್ತು ದಿನ ಕಳೆಯಿತು. ಚರ್ಮ ಸರಿ, ಹೊಟ್ಟೆ ಸರಿ, ಲಿವರು ಸರಿ. ತಂಗಿಯ ಕಣಗಳು ಅಕ್ಕನ ಮನೆಯಲ್ಲಿ ಹೊಂದಿಕೊಂಡಿವೆ ಎಂದು ಮಂದಾಕಿನಿ ಡಾಕ್ಟರು ಹೇಳಿದರು. ಇನ್ನೂ ಬಹಳ ದಿನ ಎಚ್ಚರ ಬೇಕು, ತಪಾಸಣೆ ಬೇಕು. ಆದರೆ ಚಕ್ಕೋತ ತಿನ್ನಬಹುದು. ಮುಂಬಯಿಯವರನ್ನೂ ಕೇಳಿಯೇ ಹೇಳಿದರು, ನಾನೂ ಎರಡು ಸಲ ಕೇಳಿದೆ.

ಊರಿಗೆ ಹೋಗಿದ್ದ ಹೊನ್ನಮ್ಮ ಹನ್ನೊಂದರ ಹೊತ್ತಿಗೆ ಬಂದರು, ಸೀರೆಯ ತುಂಡಿನಲ್ಲಿ ಸುತ್ತಿದ ಒಂದೇ ಹಣ್ಣು. ಬಿದಿರು ಇದ್ದ ಜಾಗಕ್ಕೆ ಬಂದು ಅಭ್ಯಾಸಬಲದಿಂದ ನಿಂತರು. ಗಂಟು ಬಿಚ್ಚಿ ಹಿಡಿದರು.

"ತಪಾಸಣೆ ಮಾಡಿ ಬೀಗ್ರೆ."

"ಬನ್ನಿ, ಒಳಗೆ ಬನ್ನಿ" ಅಂದೆ.

"ನೋಡದೆ ಬಿಟ್ರೆ ಹ್ಯಾಂಗೆ? ಹಿಂದೆ ಬಿಟ್ಟು ಆದದ್ದು ನೆನಪಿಲ್ಲಾ?"

ನೋಡಿದೆ. ಹಳದಿ, ತೂಕದ ಹಣ್ಣು, ಒಂದು ಕಲೆಯಿಲ್ಲ. ಸುಮಾರು ಮೂರು ತಿಂಗಳು ಬಾವಲಿಯಿಂದ, ಮಳೆಯಿಂದ, ಶಾಲೆಯ ಮಕ್ಕಳಿಂದ ಕಾದ ಹಣ್ಣು. ಅವರಿಗಿಂತ ಒಳ್ಳೆಯ ಗಾರ್ಡ್ ಇಲಾಖೆಯಲ್ಲಿ ಇರಲಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದೆ. ಗಾರ್ಡ್ ಅಂದರೆ ಸಂಬಳ ಎಷ್ಟು ಎಂದು ಕೇಳಿದರು.

ಎಲ್ಲರೂ ಜಗಲಿಯಲ್ಲಿ ಸುತ್ತ ಕೂತರು. ತೊಳೆದು, ಬಿಸಿನೀರಿನಲ್ಲಿ ಅದ್ದಿ, ಚಾಕು ಇಟ್ಟೆ. ಸಿಪ್ಪೆ ಬಿಟ್ಟಿತು, ವಾಸನೆ ಬಂತು. ಮೊದಲ ತೊಳೆಯ ಪೊರೆ ಬಿಡಿಸಲು ಹೋದರೆ ಕೈಗೆ ಬರುತ್ತಿಲ್ಲ. ಮತ್ತೆ ಹಿಡಿದೆ, ಮತ್ತೆ ಜಾರಿತು.

ಪ್ರೇಕ್ಷಾ ನನ್ನ ಎರಡೂ ಕೈ ಹಿಡಿದು ತನ್ನ ಕಡೆ ತಿರುಗಿಸಿದಳು. ಅಂಗೈ ನೋಡಿದಳು, ಬೆರಳು ನೋಡಿದಳು, ನಾನು ದಿನಾ ನೋಡುತ್ತಿದ್ದ ಹಾಗೇ.

"ಆಜೊ, ನಿನ್ನ ಕೈ ನಡುಗ್ತದೆ. ಕದ್ದು ಚಕ್ಕೋತ ತಿಂದ್ಯಾ?"

ಇಲ್ಲ ಎಂದೆ. ಆಮೇಲೆ ಹಣ್ಣನ್ನು ಅವಳ ಕೈಗೆ ಕೊಟ್ಟೆ, ಅವಳೇ ಬಿಡಿಸಿದಳು. ಮೊದಲ ತೊಳೆ ರಕ್ಷಿತಾಳಿಗೆ, ಎರಡನೆಯದು ತನಗೆ. ಮೂರನೆಯದನ್ನು ಹೊನ್ನಮ್ಮ ಇಸಿದುಕೊಂಡು ನನ್ನ ಅಂಗೈಯಲ್ಲಿ ಇಟ್ಟರು.

ಸ್ವಲ್ಪ ಹುಳಿ ಇತ್ತು. ತಿಂದೆ.